ಹಳೆಯ ಜೀಪು ಮತ್ತು ಮಾರುವವನ ಮೌನ

ಗೃಹಸ್ಥನ ಬಾಳಿನಲ್ಲಿ ಕೊಳ್ಳುವ ಸಂದರ್ಭಗಳೂ ಮಾರುವ ಸಂದರ್ಭಗಳೂ ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಕೊಳ್ಳುವಾಗ ಪ್ರತಿಯೊಬ್ಬನೂ ಎದುರಿನವನಿಂದ ಪೂರ್ಣ ಸತ್ಯವನ್ನು ಅಪೇಕ್ಷಿಸುತ್ತಾನೆ. ಮಾರುವಾಗ ಮಾತ್ರ ಅದೇ ಸತ್ಯ ತುಸು ಭಾರವೆನಿಸುತ್ತದೆ. ಬಳಸಿದ ವಾಹನಗಳ ಕ್ರಯವಿಕ್ರಯದಲ್ಲಿ ಈ ವ್ಯತ್ಯಾಸ ಬಲು ಸ್ಪಷ್ಟವಾಗಿ ಕಾಣುತ್ತದೆ. ನಂಜನಗೂಡು ತಾಲೂಕಿನ ರೈತ ಗೃಹಸ್ಥರೊಬ್ಬರು ಹಳೆಯ ಜೀಪೊಂದನ್ನು ಕೊಂಡು, ನಾಲ್ಕು ವರ್ಷ ಬಾಳಿಸಿ, ತಿರುಮಕೂಡಲು ನರಸೀಪುರದವರೊಬ್ಬರಿಗೆ ಮಾರಿದ ವೃತ್ತಾಂತ ಇದಕ್ಕೆ ಒಂದು ನಿದರ್ಶನವಾಗಿದೆ.

ನಂಜನಗೂಡಿನಿಂದ ಸುತ್ತೂರಿನ ಮಾರ್ಗವಾಗಿ ಹರಿದು ಕಪಿಲಾ ನದಿಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಈ ನದಿಯ ಇಕ್ಕೆಲಗಳಲ್ಲಿ ಬತ್ತ, ಕಬ್ಬು, ಬಾಳೆಯ ತೋಟಗದ್ದೆಗಳಿವೆ. ನಾಲೆಯ ಏರಿಯ ಮೇಲಿನ ಹಾದಿ ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು. ಸಾಮಾನ್ಯ ಕಾರು ಅಲ್ಲಿ ಹೂತುಕೊಳ್ಳುತ್ತದೆ, ಟ್ರ್ಯಾಕ್ಟರಿನಲ್ಲಿ ಮನೆಮಂದಿಯನ್ನು ಕರೆದೊಯ್ಯುವುದು ಕ್ಷೇಮವಲ್ಲ. ಆದಕಾರಣ ನಾಲ್ಕೂ ಗಾಲಿಗಳಿಗೆ ಶಕ್ತಿ ಹರಿಯುವ ಜೀಪಿಗೆ ಈ ಸೀಮೆಯಲ್ಲಿ ಮೊದಲಿನಿಂದಲೂ ಮನ್ನಣೆಯಿದೆ. ಅಮೆರಿಕದ ವಿಲ್ಲಿಸ್ ಜೀಪನ್ನು ಮಹೀಂದ್ರ ಸಂಸ್ಥೆಯು 1940ರ ದಶಕದ ಕೊನೆಯಲ್ಲಿ ನಮ್ಮ ದೇಶಕ್ಕೆ ತಂದಿತು. 1980ರ ದಶಕದಲ್ಲಿ ಪ್ಯೂಜೊ ವಿನ್ಯಾಸದ ಡೀಸೆಲ್ ಎಂಜಿನ್ ಹೊತ್ತ ಎಂಎಂ 540 ಎಂಬ ಮಾದರಿ ಬಂದಿತು. 1985ರ ಕೊನೆಯಲ್ಲಿ ಮಾರುತಿ ಜಿಪ್ಸಿಯೂ, 2010ರಲ್ಲಿ ಥಾರ್ ಎಂಬ ಹೆಸರಿನ ಜೀಪೂ ಮಾರುಕಟ್ಟೆಗೆ ಬಂದವು. ಆದರೂ ಹಳೆಯ ಜೀಪುಗಳು ಕೈಯಿಂದ ಕೈಗೆ ಸಾಗುತ್ತ ಇಂದಿಗೂ ತೋಟಗಳ ಕೊಟ್ಟಿಗೆಗಳಲ್ಲಿ ನಿಂತಿವೆ.

ಮೇಲೆ ಹೇಳಿದ ಗೃಹಸ್ಥರು 2020ರ ಜನವರಿಯಲ್ಲಿ ಅಂತಹದೊಂದು ಎಂಎಂ 540 ಜೀಪನ್ನು ಪರಿಚಿತರೊಬ್ಬರಿಂದ ಕೊಂಡರು. ಮಾರಿದವರು ಹೆಚ್ಚು ಮಾತನಾಡಲಿಲ್ಲ. "ಓಡಿಸಿ ನೋಡಿ, ಮನಸ್ಸಿಗೆ ಬಂದರೆ ತೆಗೆದುಕೊಳ್ಳಿ" ಎಂದಷ್ಟೇ ನುಡಿದರು. ಡಾಂಬರು ರಸ್ತೆಯಲ್ಲಿ ಎರಡು ಮೈಲಿ ಓಡಿಸಿ ನೋಡಿದ್ದಾಯಿತು. ಜೀಪು ಗಂಭೀರವಾಗಿ, ಹೆಚ್ಚು ಸದ್ದಿಲ್ಲದೆ ಓಡಿತು. ಕಾಗದಪತ್ರಗಳೂ ಸರಿಯಾಗಿದ್ದವು. ಖಾಸಗಿ ವಾಹನದ ನೋಂದಣಿಗೆ 15 ವರ್ಷಗಳ ಅವಧಿ, ಆಮೇಲೆ ತಪಾಸಣೆಗೆ ಒಳಪಟ್ಟು 5 ವರ್ಷಕ್ಕೊಮ್ಮೆ ನವೀಕರಣ. ಆ ನವೀಕರಣವೂ ಆಗಿತ್ತು. ಕೇಳದೆ ಉಳಿದ ಪ್ರಶ್ನೆ ಒಂದೇ. ಅದಕ್ಕೆ ಐದು ತಿಂಗಳ ಹಿಂದೆ, 2019ರ ಆಗಸ್ಟಿನಲ್ಲಿ, ಕಪಿಲೆ ಉಕ್ಕಿ ಹರಿದು ಮಲ್ಲನಮೂಲೆಯ ಬಳಿ ಮೈಸೂರು ಹೆದ್ದಾರಿಯೇ ನೀರಿನಲ್ಲಿ ಮುಳುಗಿತ್ತು. ಆ ದಿನಗಳಲ್ಲಿ ಈ ಜೀಪು ಎಲ್ಲಿ ನಿಂತಿತ್ತು ಎಂದು ಅವರು ಕೇಳಲಿಲ್ಲ, ಮಾರಿದವರೂ ಹೇಳಲಿಲ್ಲ.

ಮಾರ್ಚಿ ತಿಂಗಳಲ್ಲಿ ಜೀಪಿನ ಹಿಂಬದಿಯಿಂದ ಸಣ್ಣ ಗುಂಯ್‌ಗುಡುವಿಕೆ ಕೇಳತೊಡಗಿತು. ಅಷ್ಟರಲ್ಲಿ ಕೊರೋನಾ ಕಾರಣದಿಂದ ದೇಶವೆಲ್ಲ ಬಾಗಿಲು ಹಾಕಿತು, ವರ್ಕ್‌ಶಾಪುಗಳೂ ಮುಚ್ಚಿದವು. ಬೆಳೆಯ ಕೆಲಸ ನಿಲ್ಲಿಸುವಂತಿರಲಿಲ್ಲವಾದ್ದರಿಂದ ಅವರು ಜೀಪನ್ನು ಓಡಿಸುತ್ತಲೇ ಇದ್ದರು. ಸದ್ದು ದಿನೇ ದಿನೇ ಏರಿ ಒರಲುವಿಕೆಯಾಯಿತು. ವರ್ಕ್‌ಶಾಪುಗಳು ಮತ್ತೆ ತೆರೆದ ಮೇಲೆ ನಂಜನಗೂಡಿನ ವೃದ್ಧ ಮೆಕ್ಯಾನಿಕರೊಬ್ಬರು ಹಿಂದಿನ ಡಿಫರೆನ್ಷಿಯಲ್ ಗುಂಡಿನ ಎಣ್ಣೆಯನ್ನು ಇಳಿಸಿದರು. ಅಲ್ಲಿಂದ ಇಳಿದದ್ದು ಇರಬೇಕಾದುದಕ್ಕಿಂತ ಬಹಳ ದಪ್ಪನಾದ ಎಣ್ಣೆ. ಬೇರಿಂಗುಗಳನ್ನು ಬಿಚ್ಚಿ ನೋಡಿದಾಗ ಅವುಗಳ ಉರುಳೆಗಳ ಮೇಲೆ ತುಕ್ಕು ತಿಂದ ಸಣ್ಣ ಸಣ್ಣ ಕುಳಿಗಳಿದ್ದವು. ಆಸನದ ಕೆಳಗಿನ ಕಬ್ಬಿಣದ ಹಳಿಗಳಲ್ಲಿ ನುಣುಪಾದ ನದಿಯ ಮೆಕ್ಕಲು ಇನ್ನೂ ಅಂಟಿಕೊಂಡಿತ್ತು. ಜೀಪು ಪ್ರವಾಹದಲ್ಲಿ ಮುಳುಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ನೀರು ಬೆರೆತ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣ ತಾಳುತ್ತದೆ. ಅದನ್ನು ಚೆಲ್ಲಿ, ಬೇರಿಂಗಿನ ಸದ್ದು ಅಡಗಲೆಂದು ದಪ್ಪ ಎಣ್ಣೆಯನ್ನು ತುಂಬಿ, ವಾಹನವನ್ನು ಮಾರಾಟಕ್ಕಿಟ್ಟಿದ್ದರು. ಸವೆದ ಹಲ್ಲುಚಕ್ರಗಳ ಸದ್ದಡಗಿಸಲು ಹಿಂದಿನ ಕಾಲದ ಕೆಲವರು ಗೇರುಪೆಟ್ಟಿಗೆಗೆ ಮರದ ಹೊಟ್ಟನ್ನು ಹಾಕುತ್ತಿದ್ದರಂತೆ. ಉಪಾಯ ಬೇರೆಯಾದರೂ ಉದ್ದೇಶ ಒಂದೇ.

ಆ ವರ್ಷದ ಒಂದು ಬೆಳೆಯ ಉಳಿತಾಯ ಜೀಪಿನ ದುರಸ್ತಿಗೆ ಹೋಯಿತು. ಆದರೆ ಗೃಹಸ್ಥರು ಆ ವೃದ್ಧ ಮೆಕ್ಯಾನಿಕರಿಂದ ಅಮೂಲ್ಯವಾದ ಒಂದು ವಿದ್ಯೆಯನ್ನು ಕಲಿತರು. ಅದು ಕೇಳುವ ವಿದ್ಯೆ. ಆ ಹಿರಿಯರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ಆಲಿಸುತ್ತಿದ್ದರು. "ಗಾಡಿ ಸುಳ್ಳು ಹೇಳೋದಿಲ್ಲ ಸ್ವಾಮಿ, ನಾವು ಕೇಳಿಸಿಕೊಳ್ಳೋದಿಲ್ಲ ಅಷ್ಟೆ" ಎಂಬುದು ಅವರ ಮಾತಾಗಿತ್ತು.

ಅವರು ಕಲಿಸಿದ ಕ್ರಮ ಸರಳವಾದುದು. ಮೊದಲು ಸದ್ದು ಎಂಜಿನಿನ ವೇಗವನ್ನು ಅನುಸರಿಸುತ್ತದೆಯೋ ಗಾಲಿಗಳ ವೇಗವನ್ನು ಅನುಸರಿಸುತ್ತದೆಯೋ ಎಂದು ತಿಳಿಯಬೇಕು. ಜೀಪನ್ನು ನಿಲ್ಲಿಸಿ ಎಂಜಿನಿನ ವೇಗವನ್ನು ಏರಿಸಿದಾಗ ಸದ್ದೂ ಏರಿದರೆ ದೋಷ ಎಂಜಿನಿನಲ್ಲಿ ಅಥವಾ ಅದಕ್ಕೆ ಹೊಂದಿಕೊಂಡ ಭಾಗಗಳಲ್ಲಿದೆ. ಓಡುತ್ತಿರುವಾಗ ಗೇರನ್ನು ನ್ಯೂಟ್ರಲಿಗೆ ತಂದರೂ ಸದ್ದು ಹಾಗೆಯೇ ಮುಂದುವರಿದರೆ ಅದು ಗಾಲಿ, ಆಕ್ಸಲ್, ಡಿಫರೆನ್ಷಿಯಲ್‌ಗಳ ಕಡೆಯಿಂದ ಬರುತ್ತಿದೆ. ಇನ್ನು ಜೀಪು ನಿಂತಿದ್ದು, ಎಂಜಿನ್ ನ್ಯೂಟ್ರಲಿನಲ್ಲಿ ನಡೆಯುತ್ತಿರುವಾಗ ಕೇಳುವ ಗುಂಯ್‌ಕಾರವು ಕ್ಲಚ್ಚು ಒತ್ತಿದೊಡನೆ ನಿಂತರೆ, ಗೇರುಪೆಟ್ಟಿಗೆಯ ಮುಂದಿನ ಬೇರಿಂಗು ಸವೆದಿದೆ ಎಂದು ಊಹಿಸಬಹುದು. ಕ್ಲಚ್ಚು ಒತ್ತಿದಾಗ ಮಾತ್ರ ಸದ್ದು ಹುಟ್ಟಿದರೆ ಕ್ಲಚ್ಚಿನ ರಿಲೀಸ್ ಬೇರಿಂಗು ಹೋಗಿದೆ. ಗಾಲಿಯ ಬೇರಿಂಗನ್ನು ಗುರುತಿಸಲು ಓಡುವ ಜೀಪನ್ನು ಕೊಂಚ ಎಡಕ್ಕೆ ತಿರುಗಿಸಬೇಕು. ಆಗ ಭಾರ ಬಲಗಡೆಯ ಗಾಲಿಗಳ ಮೇಲೆ ಬೀಳುವುದರಿಂದ, ಸದ್ದು ಹೆಚ್ಚಿದರೆ ದೋಷ ಬಲಗಡೆಯದು. ಹೊರಡುವಾಗಲೂ ಹಿಂದಕ್ಕೆ ತಿರುಗಿಸುವಾಗಲೂ ಕೆಳಗಿನಿಂದ ಟಣ್ ಎಂಬ ಒಂದೇ ಪೆಟ್ಟು ಕೇಳಿದರೆ ಉದ್ದದ ಶಾಫ್ಟಿನ ಯೂನಿವರ್ಸಲ್ ಜಾಯಿಂಟನ್ನು ಪರೀಕ್ಷಿಸಬೇಕು.

ಎಲ್ಲ ಸದ್ದೂ ದೋಷವಲ್ಲ ಎಂಬುದನ್ನೂ ಅವರು ಕಲಿಸಿದರು. ಹಳೆಯ ಡೀಸೆಲ್ ಎಂಜಿನ್ ಮುಂಜಾವಿನ ಚಳಿಯಲ್ಲಿ ಗಡಗಡ ಎನ್ನುವುದು ಸಹಜ. ಹಲ್ಲುಚಕ್ರಗಳಿಂದಲೇ ನಡೆಯುವ ಜೀಪಿನ ಟ್ರಾನ್ಸ್‌ಫರ್ ಕೇಸು ಸದಾ ಒಂದು ಬಗೆಯ ರಾಗವನ್ನು ಎಳೆಯುತ್ತಲೇ ಇರುತ್ತದೆ. ಕೆಸರಿಗೆಂದು ಮಾಡಿದ ದೊಡ್ಡ ಕಚ್ಚಿನ ಟೈರುಗಳು ಡಾಂಬರಿನ ಮೇಲೆ ಗುಂಯ್‌ಗುಡುತ್ತವೆ. ರಸ್ತೆ ಬದಲಾದಾಗ ಆ ಸದ್ದೂ ಬದಲಾಗುತ್ತದೆ, ಬೇರಿಂಗಿನ ಸದ್ದು ಬದಲಾಗುವುದಿಲ್ಲ. ಭಯಪಡಬೇಕಾದದ್ದು ನಿನ್ನೆ ಇಲ್ಲದೆ ಇಂದು ಹುಟ್ಟಿದ ಸದ್ದಿಗೆ. ಬ್ರೇಕಿನಲ್ಲಿ ಲೋಹಕ್ಕೆ ಲೋಹ ಉಜ್ಜುವ ಕರಕರ ಸದ್ದು ಕೇಳಿಸಿದರೆ, ಅಥವಾ ಹಳ್ಳವೊಂದನ್ನು ದಾಟಿದೊಡನೆ ಮುಂದಿನ ಗಾಲಿಗಳೂ ಸ್ಟೀರಿಂಗೂ ಗಡಗಡನೆ ನಡುಗತೊಡಗಿದರೆ, ಒಂದು ದಿನವೂ ತಡಮಾಡಬಾರದು. ಎರಡನೆಯದು ಕಿಂಗ್‌ಪಿನ್ನು, ಟೈರಾಡಿನ ತುದಿಗಳು, ಗಾಲಿಯ ಬೇರಿಂಗು ಇವುಗಳಲ್ಲಿ ಯಾವುದೋ ಸಡಿಲವಾದುದರ ಚಿಹ್ನೆ. ಅಂತಹ ವಾಹನವನ್ನು ರಸ್ತೆಗೆ ತರುವವನು ತನ್ನ ಪ್ರಾಣವನ್ನು ಮಾತ್ರವಲ್ಲ, ಎದುರು ಬರುವ ಸೈಕಲ್ಲಿನವನ, ಶಾಲೆಯ ಮಕ್ಕಳ, ದನಕರುಗಳ ಪ್ರಾಣವನ್ನೂ ಅಪಾಯಕ್ಕೆ ಒಡ್ಡುತ್ತಾನೆ. ಕೇಳಿಯೂ ಕೇಳದಂತೆ ಇರುವುದು ಬರಿಯ ಆಲಸ್ಯವಲ್ಲ, ಪ್ರಮಾದ. ಹಿಂಸೆಯ ಮೂಲ ಪ್ರಮಾದದಲ್ಲಿದೆ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ತಿಳುವಳಿಕೆಯಿಂದ ಗೃಹಸ್ಥರ ದಿನಚರಿಯೂ ಬದಲಾಯಿತು. ಅವರು ನೂರು ಪುಟಗಳ ಒಂದು ನೋಟ್‌ಪುಸ್ತಕವನ್ನು ಜೀಪಿಗೆಂದೇ ಇಟ್ಟರು. ಎಣ್ಣೆ ಬದಲಿಸಿದ ದಿನ, ಗ್ರೀಸ್ ಹಚ್ಚಿದ ದಿನ, ಹೊಸದಾಗಿ ಕೇಳಿದ ಸದ್ದು, ಅದು ಹುಟ್ಟಿದ ಸಂದರ್ಭ, ಮೆಕ್ಯಾನಿಕರ ಅಭಿಪ್ರಾಯ ಎಲ್ಲವೂ ಅದರಲ್ಲಿ ದಾಖಲಾದವು. ಓಡಿ ಬಿಸಿಯಾದ ಜೀಪನ್ನು ತಟ್ಟನೆ ತಣ್ಣೀರಿಗೆ ಇಳಿಸಿದರೆ ಡಿಫರೆನ್ಷಿಯಲ್ ಗುಂಡಿನೊಳಗಿನ ಗಾಳಿ ಕುಗ್ಗಿ, ಸವೆದ ಸೀಲುಗಳ ಮೂಲಕ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆದಕಾರಣ ನೀರು ದಾಟುವ ಮುನ್ನ ಕೊಂಚ ನಿಲ್ಲಿಸುವುದು, ಗುಂಡಿನ ಮೇಲಿನ ಗಾಳಿಯ ರಂಧ್ರವನ್ನು ಕೆಸರಿನಿಂದ ಶುಚಿಯಾಗಿಡುವುದು ಅವರ ಅಭ್ಯಾಸವಾಯಿತು. ನೀರು ದಾಟಿದ ಮಾರನೆಯ ಬೆಳಿಗ್ಗೆ, ಜೀಪನ್ನು ಕದಲಿಸುವ ಮೊದಲು, ಗುಂಡಿನ ಕೆಳಗಿನ ಬಿರಡೆಯನ್ನು ತುಸು ಸಡಿಲಿಸಿ ನೋಡುತ್ತಿದ್ದರು. ಎಣ್ಣೆಗಿಂತ ನೀರು ಭಾರವಾದುದರಿಂದ, ಒಳಗೆ ನೀರಿದ್ದರೆ ಅದೇ ಮೊದಲು ಹೊರಬರುತ್ತದೆ. ಪಟ್ಟಿಸ್ಪ್ರಿಂಗಿನ ಕೀಲುಗಳಿಗೂ ಶಾಫ್ಟಿನ ಜಾಯಿಂಟುಗಳಿಗೂ ಗ್ರೀಸ್ ತುಂಬಿ, ಹಳೆಯ ಗ್ರೀಸಿನೊಡನೆ ಕೆಸರುನೀರು ಹೊರಬರುವಂತೆ ಮಾಡುತ್ತಿದ್ದರು. ಒಣ ಡಾಂಬರಿನ ಮೇಲೆ ನಾಲ್ಕು ಗಾಲಿಯ ಗೇರನ್ನು ಎಂದೂ ಹಾಕುತ್ತಿರಲಿಲ್ಲ. ತಿರುವಿನಲ್ಲಿ ಮುಂದಿನ ಗಾಲಿಗಳೂ ಹಿಂದಿನ ಗಾಲಿಗಳೂ ಕ್ರಮಿಸುವ ದೂರ ಬೇರೆ ಬೇರೆಯಾದುದರಿಂದ, ಜಾರಲು ಆಸ್ಪದವಿಲ್ಲದ ನೆಲದಲ್ಲಿ ಹಲ್ಲುಚಕ್ರಗಳು ಬಿಗಿದುಕೊಂಡು ಸವೆಯುತ್ತವೆ. ಇಳಿಸಿದ ಹಳೆಯ ಎಣ್ಣೆಯನ್ನು ನಾಲೆಗಾಗಲಿ ಬೇಲಿಯ ಬುಡಕ್ಕಾಗಲಿ ಚೆಲ್ಲದೆ, ಡಬ್ಬಿಯಲ್ಲಿ ಸಂಗ್ರಹಿಸಿ ನಂಜನಗೂಡಿನ ವರ್ಕ್‌ಶಾಪಿಗೆ ಒಪ್ಪಿಸುತ್ತಿದ್ದರು. ಒಂದು ಬೊಗಸೆ ಎಣ್ಣೆ ನೀರಿನ ಮೇಲೆ ಎಷ್ಟು ಅಗಲಕ್ಕೆ ಹರಡುತ್ತದೆ ಎಂಬುದನ್ನು ಒಮ್ಮೆ ಕಣ್ಣಾರೆ ಕಂಡವರು ಮತ್ತೆ ಅದನ್ನು ಚೆಲ್ಲಲಾರರು.

ಹೀಗೆ ನಾಲ್ಕು ವರ್ಷ ಕಳೆದವು. 2024ರಲ್ಲಿ ಮಗನ ವಿದ್ಯಾಭ್ಯಾಸದ ವೆಚ್ಚಕ್ಕಾಗಿ ಜೀಪನ್ನು ಮಾರುವ ಸಂದರ್ಭ ಒದಗಿತು. ಆ ಹೊತ್ತಿಗೆ ಗೇರುಪೆಟ್ಟಿಗೆಯಲ್ಲಿ ಸಣ್ಣದೊಂದು ಗುಂಯ್‌ಕಾರ ಆರಂಭವಾಗಿತ್ತು. ಕ್ಲಚ್ಚು ಒತ್ತಿದರೆ ಅದು ನಿಲ್ಲುತ್ತಿತ್ತು. ಅದರ ಅರ್ಥವೇನೆಂಬುದು ಗೃಹಸ್ಥರಿಗೆ ಚೆನ್ನಾಗಿ ತಿಳಿದಿತ್ತು, ನೋಟ್‌ಪುಸ್ತಕದಲ್ಲಿ ಬರೆದೂ ಇಟ್ಟಿದ್ದರು. ದಲ್ಲಾಳಿಯೊಬ್ಬನು ಬಂದು, "ದಪ್ಪ ಎಣ್ಣೆ ಹಾಕಿಸಿಬಿಡಿ, ಸದ್ದು ಅಡಗುತ್ತದೆ" ಎಂದು ಸಲಹೆ ಕೊಟ್ಟನು. ತಾವೇ ಒಮ್ಮೆ ಅದೇ ದಪ್ಪ ಎಣ್ಣೆಯಿಂದ ಮೋಸಹೋಗಿದ್ದ ಅವರು ಆತನನ್ನು ಗದರಿಸಿ ಕಳುಹಿಸಿದರು. ಆ ದಿನ ತಮ್ಮ ಪ್ರಾಮಾಣಿಕತೆಯ ಬಗ್ಗೆ ಅವರಿಗೆ ಸಮಾಧಾನವೂ ಆಯಿತು.

ಕೆಲವು ದಿನಗಳ ತರುವಾಯ ತಿರುಮಕೂಡಲು ನರಸೀಪುರದಿಂದ ಯುವ ರೈತರೊಬ್ಬರು ಬಂದರು. ಟ್ರ್ಯಾಕ್ಟರು ಓಡಿಸಿ ಪಳಗಿದ್ದ ಅವರಿಗೆ ಜೀಪು ಹೊಸದು. ನಾಲೆಯ ಏರಿಯ ಮೇಲೆ ಓಡಿಸಿ ನೋಡಿ ಹಿಂದಿರುಗಿ ಅಂಗಳದಲ್ಲಿ ನಿಲ್ಲಿಸಿದರು. ಎಂಜಿನ್ ಇನ್ನೂ ನಡೆಯುತ್ತಿತ್ತು. ಅವರು ತಲೆವಾಲಿಸಿ ಒಂದು ಕ್ಷಣ ಆಲಿಸಿ, "ಇದು ಜೀಪಿನ ಸಹಜವಾದ ಸದ್ದೇ ಅಲ್ಲವೆ?" ಎಂದು ಕೇಳಿದರು. ಗೃಹಸ್ಥರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅಷ್ಟರಲ್ಲಿ ಒಳಗಿನಿಂದ ಮಜ್ಜಿಗೆಯ ಲೋಟಗಳು ಬಂದವು, ಮಾತು ಮಳೆಬೆಳೆಯ ಕಡೆಗೆ ತಿರುಗಿತು. ಯುವಕರು ಮುಂಗಡ ಹಣವನ್ನು ಎಲೆಅಡಿಕೆಯ ತಟ್ಟೆಯಲ್ಲಿಟ್ಟು, ಉಳಿದುದನ್ನು ಒಂದು ವಾರದಲ್ಲಿ ತರುವುದಾಗಿ ಹೇಳಿ ಹೊರಟರು.

ಇಲ್ಲಿ ಒಂದು ವಿಷಯವನ್ನು ವಿಚಾರ ಮಾಡಬೇಕಾಗಿದೆ. ನಮ್ಮ ದೇಶದ ಕರಾರು ಕಾಯಿದೆ 1872ರಷ್ಟು ಹಿಂದಿನದು. ವಂಚನೆ ಎಂದರೇನು ಎಂಬುದನ್ನು ವಿವರಿಸುವ ಅದರ 17ನೆಯ ಕಲಮಿನ ಕೊನೆಯಲ್ಲಿ ಕುದುರೆಯ ಮಾರಾಟದ ಕೆಲವು ಉದಾಹರಣೆಗಳಿವೆ. ದೋಷವುಳ್ಳ ಕುದುರೆಯನ್ನು ಹರಾಜಿನಲ್ಲಿ ಮಾರುವವನು ದೋಷವನ್ನು ಹೇಳದೆ ಸುಮ್ಮನಿದ್ದರೆ, ಅಷ್ಟರಿಂದಲೇ ಅದು ವಂಚನೆಯಾಗುವುದಿಲ್ಲ. ಆದರೆ ಕೊಳ್ಳುವವನು, ನೀವು ಅಲ್ಲವೆನ್ನದಿದ್ದರೆ ಕುದುರೆ ಸರಿಯಾಗಿದೆ ಎಂದು ಭಾವಿಸುತ್ತೇನೆ ಎಂದು ಹೇಳಿದ ಮೇಲೆ ಮಾರುವವನು ಸುಮ್ಮನಿದ್ದರೆ, ಆ ಮೌನವು ಮಾತಿಗೆ ಸಮಾನವಾಗುತ್ತದೆ. ಕುದುರೆಯ ಸ್ಥಾನದಲ್ಲಿ ಜೀಪನ್ನು ಇಟ್ಟು ನೋಡಿದರೆ, ಆ ಅಂಗಳದಲ್ಲಿ ನಡೆದದ್ದು ಎರಡನೆಯ ಉದಾಹರಣೆಗೆ ಎಷ್ಟು ಸಮೀಪವಾದುದು ಎಂಬುದು ತಿಳಿಯುತ್ತದೆ. ಶ್ರಾವಕರ ಆಚಾರವಂತೂ ಇದಕ್ಕಿಂತ ಸೂಕ್ಷ್ಮವಾದುದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯ ಅಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಕೊನೆಯದಾಗಿ ಪ್ರತಿರೂಪಕ ವ್ಯವಹಾರವನ್ನು ಹೇಳಿದೆ. ಅಸಲನ್ನು ಹೋಲುವ ನಕಲನ್ನು ಅಸಲೆಂದು ದಾಟಿಸುವುದೇ ಅದು. ಕೆಟ್ಟ ಬೇರಿಂಗಿಗೆ ದಪ್ಪ ಎಣ್ಣೆಯ ಮುಸುಕು ಹಾಕುವುದು ನೇರವಾಗಿ ಈ ಸಾಲಿಗೆ ಸೇರುತ್ತದೆ. ಎಣ್ಣೆಯ ಮುಸುಕಿಲ್ಲದೆ ಮೌನದ ಮುಸುಕು ಹಾಕಿದರೆ ಅದು ಸೇರುವುದಿಲ್ಲವೆ ಎಂಬುದೇ ಗೃಹಸ್ಥರನ್ನು ಅಂದು ರಾತ್ರಿ ಕಾಡಿದ ಪ್ರಶ್ನೆ.

ಅವರಿಗೆ ನಿದ್ರೆ ಬರಲಿಲ್ಲ. ನಾನು ಏನನ್ನೂ ಮುಚ್ಚಿಲ್ಲ, ಸದ್ದು ಎದುರಿಗೇ ಇತ್ತಲ್ಲ ಎಂದು ಮನಸ್ಸು ಒಮ್ಮೆ ವಾದಿಸಿತು. ತಿಳಿದವನು ನೀನೊಬ್ಬನೇ ಆಗಿದ್ದೆ ಎಂದು ಮತ್ತೊಮ್ಮೆ ಉತ್ತರಿಸಿತು. ತಮಗೆ ಜೀಪು ಮಾರಿದ ಪರಿಚಿತರನ್ನು ನಾಲ್ಕು ವರ್ಷಗಳಿಂದ ಅವರು ಮನಸ್ಸಿನಲ್ಲೇ ನಿಂದಿಸುತ್ತ ಬಂದಿದ್ದರು. ಆ ಮನುಷ್ಯರೂ ಸುಳ್ಳೊಂದನ್ನು ನುಡಿದಿರಲಿಲ್ಲ, ಓಡಿಸಿ ನೋಡಿ ಎಂದಷ್ಟೇ ಹೇಳಿದ್ದರು ಎಂಬುದು ಅಂದು ನೆನಪಿಗೆ ಬಂದಿತು.

ಬೆಳಗಾದ ಮೇಲೆ ಅವರು ಮುಂಗಡದ ಹಣವನ್ನೂ ನೋಟ್‌ಪುಸ್ತಕವನ್ನೂ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ತಿರುಮಕೂಡಲಿನ ಆ ಯುವಕರ ಮನೆಯ ಜಗಲಿಯ ಮೇಲೆ ಕುಳಿತು, ಗೇರುಪೆಟ್ಟಿಗೆಯ ಸದ್ದು ಸಹಜವಾದುದಲ್ಲವೆಂದೂ, ಮುಂದಿನ ಬೇರಿಂಗು ಸವೆದಿರುವುದೆಂದೂ, ಈ ಮಾತನ್ನು ನಿನ್ನೆಯೇ ಹೇಳಬೇಕಿತ್ತೆಂದೂ ತಿಳಿಸಿದರು. ಜೀಪು ಹಿಂದೊಮ್ಮೆ ಪ್ರವಾಹದಲ್ಲಿ ನಿಂತಿದ್ದುದನ್ನೂ ಮರೆಮಾಚಲಿಲ್ಲ. ಹಣವನ್ನು ಮುಂದಿಟ್ಟು, ವ್ಯವಹಾರ ಬೇಡವಾದರೆ ಯಾವ ಬೇಸರವೂ ಇಲ್ಲವೆಂದರು. ಯುವಕರ ತಂದೆ ಒಳಗಿನಿಂದ ಬಂದು ಎಲ್ಲವನ್ನೂ ಕೇಳಿ, "ನಿನ್ನೆ ಯಾಕೆ ಹೇಳಲಿಲ್ಲ?" ಎಂದು ನೇರವಾಗಿ ಪ್ರಶ್ನಿಸಿದರು. ಅದಕ್ಕೆ ಗೃಹಸ್ಥರ ಬಳಿ ಉತ್ತರವಿರಲಿಲ್ಲ, ಸಬೂಬನ್ನೂ ಅವರು ಹೇಳಲಿಲ್ಲ. ಯುವಕರು ಮಾತ್ರ ನೋಟ್‌ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ತಿರುವುತ್ತ ಬಹಳ ಹೊತ್ತು ಕುಳಿತಿದ್ದರು. ಕೊನೆಗೆ ಅವರೇ ಪರಿಚಯದ ಮೆಕ್ಯಾನಿಕರೊಬ್ಬರನ್ನು ವಿಚಾರಿಸಿ, ಗೇರುಪೆಟ್ಟಿಗೆಯನ್ನು ಇಳಿಸಿ ಬೇರಿಂಗು ಹಾಕಿಸಲು ತಗಲುವ ವೆಚ್ಚವನ್ನು ಬೆಲೆಯಲ್ಲಿ ಕಳೆಯಬೇಕೆಂದರು. ಗೃಹಸ್ಥರು ಒಪ್ಪಿದರು. ಮಗನ ಶುಲ್ಕಕ್ಕೆ ಕೊರತೆಯಾದ ಆ ಹಣವನ್ನು ಅವರು ಬೇರೆ ಕಡೆ ಸಾಲವಾಗಿ ತರಬೇಕಾಯಿತು.

ಸಂಸ್ಥೆಗಳ ಆಡಳಿತ ನಡೆಸುವವರಿಗೂ ಈ ಪ್ರಸಂಗದಲ್ಲಿ ಗ್ರಹಿಸತಕ್ಕ ಅಂಶಗಳಿವೆ. ಬಸದಿಗಳ ಟ್ರಸ್ಟುಗಳು ಬಳಸಿದ ವಾಹನಗಳನ್ನು ಕೊಳ್ಳುವುದುಂಟು, ದಾನವಾಗಿ ಪಡೆಯುವುದುಂಟು, ಹಳೆಯದಾದಾಗ ಮಾರುವುದೂ ಉಂಟು. ಇಂತಹ ಪ್ರತಿಯೊಂದು ವಾಹನಕ್ಕೂ ಒಂದು ಪುಸ್ತಕವಿರಲಿ. ಚಾಲಕನು ಕೇಳಿದ ಸದ್ದನ್ನು ಅದರಲ್ಲಿ ಅಂದಂದೇ ಬರೆಯಲಿ, ಹಾಗೆ ಬರೆದವನನ್ನು ಖರ್ಚು ತಂದವನೆಂದು ಯಾರೂ ಗದರಿಸದಿರಲಿ. ಕೊಳ್ಳುವಾಗ ಎಂಜಿನ್ ತಣ್ಣಗಿರುವಾಗಲೇ ಆರಂಭಿಸಿ ಕೇಳಬೇಕು, ಕೆಟ್ಟ ರಸ್ತೆಯಲ್ಲೂ ಓಡಿಸಿ ನೋಡಬೇಕು, ಡಿಫರೆನ್ಷಿಯಲ್ ಮತ್ತು ಗೇರುಪೆಟ್ಟಿಗೆಯ ಎಣ್ಣೆಯನ್ನು ಒಂದು ಹನಿ ಇಳಿಸಿ ಪರೀಕ್ಷಿಸಬೇಕು, ಪ್ರವಾಹದ ವರ್ಷಗಳಲ್ಲಿ ವಾಹನ ಎಲ್ಲಿತ್ತೆಂದು ಬಾಯಿಬಿಟ್ಟು ಕೇಳಬೇಕು. ಮಾರುವಾಗ ತಿಳಿದ ದೋಷಗಳನ್ನು ಪಟ್ಟಿ ಮಾಡಿ, ಕೊಳ್ಳುವವರ ರುಜು ಪಡೆದು ಒಂದು ಪ್ರತಿಯನ್ನು ಇಟ್ಟುಕೊಳ್ಳಬೇಕು. ರಾಜ್ಯದೊಳಗಿನ ಮಾರಾಟವಾದರೆ ಮೋಟಾರು ವಾಹನ ಕಾಯಿದೆಯ ಪ್ರಕಾರ ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ವರ್ಗಾವಣೆಯನ್ನು ನೋಂದಣಿ ಅಧಿಕಾರಿಗೆ ತಿಳಿಸಬೇಕೆಂಬುದನ್ನೂ ಮರೆಯಬಾರದು.

ಆ ಜೀಪು ಈಗ ತಿರುಮಕೂಡಲಿನ ಗದ್ದೆಬಯಲಿನಲ್ಲಿ ಓಡಾಡುತ್ತಿದೆ. ನೋಟ್‌ಪುಸ್ತಕವೂ ಜೀಪಿನೊಡನೆಯೇ ಹೋಯಿತು. ಅದರಲ್ಲಿ ಗೃಹಸ್ಥರು ಬರೆದ ಕೊನೆಯ ಸಾಲು ಗೇರುಪೆಟ್ಟಿಗೆಯ ಬೇರಿಂಗಿನದು. ಅದರ ಕೆಳಗೆ ಹೊಸ ಒಡೆಯರು ತಮ್ಮ ಅಕ್ಷರದಲ್ಲಿ ಬೇರಿಂಗು ಬದಲಿಸಿದ ದಿನಾಂಕವನ್ನು ಬರೆದು, ಮುಂದಿನ ಹಾಳೆಯಿಂದ ತಮ್ಮ ಲೆಕ್ಕವನ್ನು ಆರಂಭಿಸಿದ್ದಾರೆ.